ಕಾಕಾನ ಹಿಂದೆ ಹಾಡಿದವನು

ಗೆಳೆಯರೇ, ಟೇಲರ್ ರಾಜೇಸಾಬ ಕಾಕಾ ಇವತ್ತು ನಮ್ಮ ಕಂಪ್ಯೂಟರಿನಲ್ಲಿ ಮೊಹರಂ ಪದ ರೆಕಾರ್ಡ್ ಮಾಡಿಸಲು ಬಂದಿದ್ದರು. ಹೆಡ್‌ಫೋನ್ ಹಾಕಿಕೊಂಡು ಒಂದು ಸಾಲು ಹಾಡಿ ಸುಮ್ಮನಾದರು.

"ಯಾಕ್ ನಿಂತ್ರಿ ಕಾಕಾ?"

"ಹಿಂದ ಹಾಡಾಂವ ನನ್ನ ಸಾಲು ತಿರಗಿ ಅಂದು ಮುಗಸಬೇಕಲ್ಲೋ ತಮ್ಮಾ."

ಹಿಂದೆ ಯಾರೂ ಇಲ್ಲ! ಹೆಡ್‌ಫೋನ್ ನನ್ನ ಕಿವಿಗಿಟ್ಟುಕೊಂಡು ಅವರಿಂದ ಹಾಡಿಸಿದೆ. ಅವರದೇ ದನಿ ಕಂಪ್ಯೂಟರ್ ಹೊಕ್ಕು ತಡವಾಗಿ ಹೊರಬರುತ್ತಿತ್ತು. ಸಾಫ್ಟ್‌ವೇರಿನ ಸೆಟ್ಟಿಂಗ್ ಬದಲಿಸಿ ಆ ತಡ ತೆಗೆದೆ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಹಾಡಿದ ಕಾಕಾನ ಮುಖ ಸಣ್ಣದಾಯಿತು.

"ಎದ್ದು ಹೋದನೇನು? ಒಬ್ಬನ ಹ್ಯಾಂಗ ಹಾಡಲಿ?"

ತೆಗೆದ ದೋಷವನ್ನು ಮತ್ತೆ ಹಾಕಿದೆ. ಪದ ಭರ್ಜರಿಯಾಗಿ ಮುಗಿಯಿತು.

ಹೋಗುವಾಗ ಕೇಳಿದರು, "ಅಂವ ಯಾವ ಊರಾಂವ?"

"ನಮ್ಮ ಉಮದಿಯಾಂವನ ರೀ."

"ಉಮದ್ಯಾಗ ಇಂಥಾ ಚಲೋ ದನಿ ನಾ ಎಂದೂ ಕೇಳಿಲ್ಲ ಬಿಡು!"

ಕೇಳುವುದಾದರೂ ಹೇಗೆ? ಇಷ್ಟು ವರ್ಷ ಕಾಕಾ ತಾವೇ ಹಾಡುತ್ತಲೇ ಇದ್ದರಲ್ಲ.