ಗಾಳದ ಸಾಹೇಬರೂ ಎರಡನೇ ಮಹಡಿಯ ಕೆಂಪು ಗುರುತುಗಳೂ

ವಿಮಾ ಕಚೇರಿಯ ನಾಲ್ಕನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ತಣ್ಣನೆಯ ಕೋಣೆಯಲ್ಲಿ ಕೂರುತ್ತಿದ್ದ ಆ ಮನುಷ್ಯನನ್ನು ಎಲ್ಲರೂ ಗಾಳದ ಸಾಹೇಬರು ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಬಂದರೆ ಬರೀ ‘ಸಾರ್’. ಈ ‘ಸಾರ್’ ಅವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಅದಕ್ಕೂ ಮುಂಚೆ ವರ್ಷಗಟ್ಟಲೆ ಅವರು ಅದೇ ಕಚೇರಿಯಲ್ಲಿ ಪ್ರಿಂಟರುಗಳ ಹೊಟ್ಟೆಗೆ ಕೈ ಹಾಕಿ ಸಿಕ್ಕಿಕೊಂಡ ಕಾಗದ ಎಳೆಯುತ್ತಿದ್ದರು. ಆಗ ಅವರಿಗಿದ್ದ ಹೆಸರು ‘ಸ್ವಲ್ಪ ಇಲ್ಲಿ ಬನ್ರೀ’. ಮೈಕೈಗೆಲ್ಲ ಮಸಿ ಬಳಿದುಕೊಂಡು ರಿಪೇರಿ ಮುಗಿಸಿದರೆ, ಜನ ಕಾಗದ ಎತ್ತಿಕೊಂಡು ಹೊರಟುಹೋಗುತ್ತಿದ್ದರೇ ಹೊರತು ಅವರ ಮುಖ ನೋಡುತ್ತಿರಲಿಲ್ಲ.

ಅವರ ನಸೀಬು ತೆರೆದದ್ದು ಕಂಪನಿ ಒಂದು ಸಾಫ್ಟ್‌ವೇರ್ ಕೊಂಡಾಗ. ಕಳ್ಳರು ಕಳಿಸುವ ಮೋಸದ ಮೇಲ್‌ಗೆ ನೌಕರರು ಬೀಳಬಾರದು, ಆದ್ದರಿಂದ ಕಂಪನಿಯೇ ಮೊದಲು ಮೋಸದ ಮೇಲ್ ಕಳಿಸಿ ಯಾರು ಬೀಳುತ್ತಾರೆಂದು ನೋಡಬೇಕು; ಅದಕ್ಕಾಗಿ ಆ ಸಾಫ್ಟ್‌ವೇರ್. ‘ನಿಮ್ಮ ರಜೆ ರದ್ದಾಗಿದೆ, ವಿವರಕ್ಕೆ ಇಲ್ಲಿ ಒತ್ತಿ’ ಎಂದು ಬರೆದು ಸಾಹೇಬರು ಗಾಳ ಹಾಕುತ್ತಿದ್ದರು. ಬಡಪಾಯಿ ಯಾರಾದರೂ ಗಾಬರಿಯಾಗಿ ಒತ್ತಿದರೆ ಅವರ ಹೆಸರಿನ ಮುಂದೆ ಸರ್ವರಿನಲ್ಲಿ ಒಂದು ಕೆಂಪು ಗುರುತು. ಒತ್ತದೆ, ಮೇಲ್‌ನ ಮೂಲೆಯಲ್ಲಿದ್ದ ‘ಅನುಮಾನ’ ಎಂಬ ಗುಂಡಿ ಅದುಮಿದರೆ ಹಸಿರು. ವರ್ಷದಲ್ಲಿ ಮೂರು ಕೆಂಪು ಬಿದ್ದವರು ಎಚ್ಚರದ ತರಗತಿಯಲ್ಲಿ ಕೂರಬೇಕು, ಆ ವರ್ಷ ಅವರಿಗೆ ಬಡ್ತಿ ಇಲ್ಲ. ಈ ನಿಯಮ ಬರೆದದ್ದು ಸ್ವತಃ ಗಾಳದ ಸಾಹೇಬರು. ಬರೆದ ದಿನ ಮನೆಗೆ ಬಂದು ಅದನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದ್ದರು.

ಹೆಂಡತಿಗೂ ಅದೇ ಕಚೇರಿಯಲ್ಲೇ ಕೆಲಸ, ಎರಡನೇ ಮಹಡಿಯ ಕ್ಲೇಮು ವಿಭಾಗದಲ್ಲಿ. ಸುಟ್ಟ ಅಂಗಡಿಯ ಫೋಟೊ ನೋಡಿ, ಬೆಂಕಿ ತಾನಾಗಿ ಹತ್ತಿಕೊಂಡದ್ದೋ ಯಾರಾದರೂ ಹಚ್ಚಿದ್ದೋ ಎಂದು ಹೇಳಬಲ್ಲ ಹೆಂಗಸು. ಜನರ ಸುಳ್ಳನ್ನು ಜರಡಿ ಹಿಡಿಯುವುದೇ ಆಕೆಯ ಸಂಬಳದ ಕೆಲಸ. ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು, ಆ ಕುರ್ಚಿ ಈಕೆಗೇ ಎಂದು ಇಡೀ ಮಹಡಿ ನಂಬಿತ್ತು. ಆಕೆಯೂ ನಂಬಿದ್ದಳು, ಅಷ್ಟು ವರ್ಷ ಕಾದವಳು ನಂಬದೆ ಇನ್ನೇನು ಮಾಡುತ್ತಾಳೆ.

ಆ ವರ್ಷವೇ ಎರಡನೇ ಮಹಡಿ ಕೆಂಪಾಗತೊಡಗಿತು. ಒಬ್ಬಿಬ್ಬರದಲ್ಲ, ಮಹಡಿಗೆ ಮಹಡಿಯೇ. ಮೇಲ್ ಹೋಗುವುದೇ ತಡ, ಎಲ್ಲರ ಹೆಸರಿನ ಮುಂದೂ ಗುರುತು. ಅವರು ‘ಅನುಮಾನ’ ಗುಂಡಿ ಒತ್ತಿದ್ದೂ ಸರ್ವರಿಗೆ ಬರುತ್ತಿತ್ತು, ಆದರೆ ಕೆಂಪು ಬಿದ್ದ ಮೇಲೆ. ಬೇರೆ ಯಾರಾದರೂ ಆಗಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು. ನಮ್ಮ ಸಾಹೇಬರು ಸಿದ್ಧಾಂತ ಕಟ್ಟಿದರು: ಈ ಜನ ಮೊದಲು ಆತುರಕ್ಕೆ ಒತ್ತುತ್ತಾರೆ, ಆಮೇಲೆ ಹೆದರಿ ಸಾಚಾಗಳಂತೆ ಗುಂಡಿ ಅದುಮುತ್ತಾರೆ. ಇಡೀ ಕಚೇರಿಯ ಮುಖ್ಯಸ್ಥರಾದ ದೊಡ್ಡ ಸಾಹೇಬರಿಗೆ ಈ ಸಿದ್ಧಾಂತ ಬಹಳ ರುಚಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅವರು. ಅಪಾಯ ಎಷ್ಟಿದೆ ನೋಡಿ ಎಂದು ನಿರ್ದೇಶಕರಿಗೆ ಅದೇ ಅಂಕಿಗಳನ್ನು ತೋರಿಸಿ ಇನ್ನಷ್ಟು ಹಣ ಮಂಜೂರು ಮಾಡಿಸಿಕೊಂಡರು.

ಮೂರನೇ ಗುರುತಿಗೂ ಕಾಯದೆ ಇಡೀ ಎರಡನೇ ಮಹಡಿಗೆ ಎಚ್ಚರದ ತರಗತಿ ನಡೆಯಿತು. ಗಾಳದ ಸಾಹೇಬರು ಮೈಕು ಹಿಡಿದು, ಓದದೆ ಏನನ್ನೂ ಒತ್ತಬೇಡಿ ಎಂದು ಒಂದು ಗಂಟೆ ಕೊರೆದರು. ಮುಂದಿನ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಆಕೆಯ ಪಕ್ಕದ ಮೇಜಿನವಳು, ಎಲ್ಲರೂ ಅಕ್ಕ ಎನ್ನುವ ಹಿರಿಯ ಗುಮಾಸ್ತೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಾಹೇಬರು ಅದನ್ನು ಪಶ್ಚಾತ್ತಾಪ ಎಂದುಕೊಂಡರು.

ನಾನು ಒತ್ತಲೇ ಇಲ್ಲ ಎಂದು ಹೆಂಡತಿ ಮೊದಲ ಗುರುತಿಗೇ ಹೇಳಿದ್ದಳು. ಎರಡನೆಯದಕ್ಕೂ ಹೇಳಿದಳು. ಮರೆತಿರುತ್ತೀಯ, ಕೆಲಸದ ಗಡಿಬಿಡಿಯಲ್ಲಿ ಎಲ್ಲರಿಗೂ ಆಗುತ್ತೆ ಎಂದು ಸಾಹೇಬರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದರು. ಮಾಡದ ತಪ್ಪಿಗೆ ಕ್ಷಮೆ ಸಿಗುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಮೂರನೆಯದು ಬಿದ್ದಾಗ, ಬಡ್ತಿಯ ಸಮಿತಿ ಕೂರಲು ವಾರವೂ ಉಳಿದಿರಲಿಲ್ಲ. ಆಕೆ ಮೂರನೇ ಸಲ ಅದೇ ಮಾತು ಹೇಳಿದಳು.

“ಸರ್ವರ್ ಸುಳ್ಳು ಹೇಳಲ್ಲ ಕಣೇ,” ಎಂದರು ಸಾಹೇಬರು.

ಮಾರನೆಯ ಬೆಳಗ್ಗೆ ಆಕೆ ತನ್ನ ಕಂಪ್ಯೂಟರ್ ಆರಿಸಿ, ಮೊಬೈಲು ಆರಿಸಿ ಅಕ್ಕನ ಕೈಗೆ ಕೊಟ್ಟು, ನಾಲ್ಕನೇ ಮಹಡಿ ಹತ್ತಿ ಬಂದಳು. ತಣ್ಣನೆಯ ಕೋಣೆಯಲ್ಲಿ ಗಂಡನ ಎದುರು ಕೂತು, ಎರಡೂ ಅಂಗೈಯನ್ನು ಮೇಜಿನ ಮೇಲಿಟ್ಟಳು.

“ಈಗ ಕಳ್ಸಿ ನಿಮ್ಮ ಗಾಳನ. ನನ್ನ ಕೈ ನಿಮ್ಮ ಕಣ್ಮುಂದೇನೇ ಇರ್ಲಿ.”

ಸಾಹೇಬರು ನಕ್ಕು ಕಳಿಸಿದರು. ನಗು ಮುಗಿಯುವ ಮುಂಚೆಯೇ ಪರದೆಯ ಮೇಲೆ ಆಕೆಯ ಹೆಸರಿನ ಎದುರು ಕೆಂಪು ಗುರುತು ಬಿತ್ತು. ಆಕೆ ಪರದೆ ನೋಡಲಿಲ್ಲ. ಗಂಡನ ಮುಖವನ್ನೇ ನೋಡಿದಳು, ಕೈ ಎತ್ತಿಕೊಂಡು ಕೆಳಗಿಳಿದು ಹೋದಳು.

ಅಲ್ಲಿಂದ ಸಾಹೇಬರ ಪತ್ತೇದಾರಿಕೆ ಶುರು. ಮೊದಲು ಸರ್ವರನ್ನು ಆರಿಸಿ ಹಚ್ಚಿದರು; ಈ ಕಸುಬಿನಲ್ಲಿ ಎಲ್ಲ ರೋಗಕ್ಕೂ ಮೊದಲ ಮದ್ದು ಅದೇ. ಕೆಂಪು ಕೆಂಪಾಗಿಯೇ ಉಳಿಯಿತು. ಎರಡನೇ ಮಹಡಿಗೆ ಹೋಗಿ ಒಬ್ಬೊಬ್ಬರ ಕಂಪ್ಯೂಟರಿನಿಂದಲೂ ‘ಅನುಮಾನ’ ಗುಂಡಿಯನ್ನು ಕಿತ್ತು ಹೊಸದಾಗಿ ಕೂರಿಸಿದರು. ಜನ ಕುರ್ಚಿ ಬಿಟ್ಟುಕೊಟ್ಟು ಕೈ ಕಟ್ಟಿ ನಿಂತರು. ಆಮೇಲೂ ಅದೇ ಕಥೆ. ಕೊನೆಗೆ, ಇಷ್ಟು ದಿನ ಮಾಡಬೇಕೆಂದು ಒಮ್ಮೆಯೂ ಹೊಳೆಯದ ಕೆಲಸ ಮಾಡಿದರು: ಲಿಂಕನ್ನು ಒತ್ತಿದ ಯಂತ್ರ ಯಾವುದು ಎಂದು ನೋಡಿದರು. ಎಲ್ಲ ಕ್ಲಿಕ್ಕೂ ಬಂದದ್ದು ಒಂದೇ ವಿಳಾಸದಿಂದ. ಆ ಯಂತ್ರ ಅವರ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ, ಅವರದೇ ಕೋಣೆಯಲ್ಲಿ ಗುಂಯ್‌ಗುಡುತ್ತಿತ್ತು.

ಅದು ಮೇಲ್ ಕಾಯುವ ಯಂತ್ರ. ಒಳಬರುವ ಪ್ರತಿ ಮೇಲ್‌ನ ಲಿಂಕನ್ನೂ ತಾನೇ ಮೊದಲು ತೆರೆದು, ವಿಷ ಇಲ್ಲವೆಂದು ಖಾತ್ರಿ ಮಾಡಿಕೊಂಡು ನೌಕರರಿಗೆ ದಾಟಿಸುವುದು ಅದರ ಕೆಲಸ. ವರ್ಷದ ಮೊದಲಲ್ಲಿ ಪ್ರಯೋಗಕ್ಕೆಂದು ಎರಡನೇ ಮಹಡಿಗೆ ಮಾತ್ರ ಸಾಹೇಬರೇ ಅದನ್ನು ಹೂಡಿದ್ದರು. ನಮ್ಮ ಗಾಳದ ಮೇಲ್ ಬಂದರೆ ಲಿಂಕ್ ತೆರೆಯಬೇಡ ಎಂದು ಅದಕ್ಕೆ ತಿಳಿಸಿ ಹೇಳಬೇಕಿತ್ತು. ಹೂಡುವಾಗ ಅದು ಕೇಳಿಯೂ ಇತ್ತು, ದಪ್ಪ ಅಕ್ಷರದಲ್ಲಿ. ಆದರೆ ಪುಟ ಉದ್ದವಿತ್ತು, ಊಟದ ಹೊತ್ತಾಗಿತ್ತು. ಓದದೆ ಏನನ್ನೂ ಒತ್ತಬೇಡಿ ಎಂದು ಊರಿಗೆಲ್ಲ ಉಪದೇಶ ಮಾಡಿದ ಮಹಾನುಭಾವರು, ‘ಮುಂದೆ’, ‘ಮುಂದೆ’, ‘ಮುಂದೆ’ ಎಂದು ಒತ್ತಿಕೊಂಡು ಹೋಗಿ ಕೈ ತೊಳೆದಿದ್ದರು. ಇಡೀ ಕಚೇರಿಯಲ್ಲಿ ಆ ವರ್ಷ ನಿಜವಾಗಿ ಸಲ್ಲಬೇಕಾಗಿದ್ದ ಕೆಂಪು ಗುರುತು ಅದೊಂದೇ.

ಸಾಹೇಬರು ಅಂದೇ ಯಂತ್ರಕ್ಕೆ ತಿಳಿಸಿ ಹೇಳಿದರು. ಆದರೆ ಬಿದ್ದ ಗುರುತುಗಳನ್ನು ಏನು ಮಾಡುವುದು? ಎಲ್ಲ ಅಳಿಸಿದರೆ ದೊಡ್ಡ ಸಾಹೇಬರು ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಮತ್ತೆ ಪ್ರಿಂಟರಿನ ಹೊಟ್ಟೆಗೇ ಕೈ. ಬಹಳ ಯೋಚಿಸಿ, ಹೆಂಡತಿಯ ಹೆಸರಿನ ಮುಂದಿನ ಗುರುತುಗಳನ್ನಷ್ಟೇ ಅಳಿಸಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು. ಸಂಜೆ ಬಸ್ಸಿನಲ್ಲಿ ಪಕ್ಕ ಕೂತು, ಎಲ್ಲ ಸರಿಮಾಡಿದ್ದೇನೆ, ನೀನು ನಿಶ್ಚಿಂತೆಯಿಂದ ಸಮಿತಿಯ ಮುಂದೆ ಹೋಗು ಎಂದರು. ಏನು ಸರಿಮಾಡಿದಿರಿ ಎಂದು ಆಕೆ ಕೇಳಿದಳು. ಯಂತ್ರದ ಕಥೆಯನ್ನೂ ಗುರುತು ಅಳಿಸಿದ್ದನ್ನೂ ಹೇಳಿದರು. ಅಕ್ಕನದ್ದು, ಉಳಿದವರದ್ದು ಎಂದು ಕೇಳಿದಳು. ಅದು ಹಾಗೆಲ್ಲ ಆಗಲ್ಲ, ನಿನಗೆ ಗೊತ್ತಾಗಲ್ಲ ಎಂದರು. ಆಕೆ ಕಿಟಕಿಯ ಕಡೆ ತಿರುಗಿದಳು.

ಸಮಿತಿಯಲ್ಲಿ ದೊಡ್ಡ ಸಾಹೇಬರು ಆಕೆಯನ್ನು ಬಾಯ್ತುಂಬ ಹೊಗಳಿದರು. ನಿಮ್ಮ ಮಹಡಿಯ ಅಷ್ಟು ಜನರಲ್ಲಿ ನೀವೊಬ್ಬರೇ ಗಾಳಕ್ಕೆ ಸಿಕ್ಕಿಲ್ಲ, ಅದರ ಗುಟ್ಟೇನು ಎಂದು ಕೇಳಿದರು.

“ನನಗೂ ಗುರುತು ಬಿದ್ದಿತ್ತು ಸಾರ್,” ಎಂದಳು ಆಕೆ. “ನಮ್ಮನೆಯವರು ಅಳಿಸಿದಾರೆ. ನಾನೂ ಒತ್ತಿಲ್ಲ, ನಮ್ಮ ಮಹಡೀಲಿ ಯಾರೂ ಒತ್ತಿಲ್ಲ. ಒತ್ತಿದ್ದು ಮೇಲ್ಗಡೆ ಇರೋ ಮಿಷನ್ನು. ಅವರನ್ನೇ ಕರೆಸಿ ಕೇಳಿ.”

ಕರೆಸಿದರು. ಸಾಹೇಬರು ಹೆಂಡತಿಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಒಪ್ಪಿಕೊಂಡರು. ಅವರ ಜಾಯಮಾನಕ್ಕೆ ಅದೇ ದೊಡ್ಡದು. ಆಕೆಗೆ ಆ ಗಳಿಗೆಯಲ್ಲಿ ಗಂಡನ ಮೇಲೆ ಪ್ರೀತಿ ಉಕ್ಕಿತು, ನಿಜವಾಗಿ ಉಕ್ಕಿತು. ದೊಡ್ಡ ಸಾಹೇಬರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಆ ಅಂಕಿಗಳ ಮೇಲೆ ಹಣ ಬಂದಾಗಿದೆ, ಈಗ ಸುಳ್ಳು ಅಂದರೆ ಎಲ್ಲರ ಮಾನ ಹೋಗುತ್ತದೆ, ಆದ್ದರಿಂದ ಅಳಿಸಿದ ಗುರುತುಗಳನ್ನು ಮೊದಲಿನ ಹಾಗೇ ಮಾಡಿಬಿಡಿ ಎಂದರು. ಆಗಬಹುದಲ್ಲವೇ ಎಂದು ಕೇಳಿದರು.

ಹೆಂಡತಿ ಗಂಡನ ಕಡೆ ನೋಡಿದಳು.

“ಸರಿ ಸಾರ್,” ಎಂದರು ಗಾಳದ ಸಾಹೇಬರು.

ಕುರ್ಚಿ ಮೂರನೇ ಮಹಡಿಯ ಒಬ್ಬನ ಪಾಲಾಯಿತು. ಅವನಿಗೆ ಸುಟ್ಟ ಅಂಗಡಿಗೂ ಸುಟ್ಟ ರೊಟ್ಟಿಗೂ ವ್ಯತ್ಯಾಸ ಗೊತ್ತಿರಲಿಲ್ಲ, ಆದರೆ ಗುರುತು ಒಂದೂ ಇರಲಿಲ್ಲ. ಮುಂದಿನ ತಿಂಗಳು ಎರಡನೇ ಮಹಡಿಯ ಕೆಂಪು ಒಮ್ಮೆಲೇ ಮಾಯವಾಯಿತು, ಯಂತ್ರ ಸುಮ್ಮನಾಗಿತ್ತಲ್ಲ. ಇದು ಎಚ್ಚರದ ತರಗತಿಯ ಫಲ ಎಂದು ಕಂಪನಿ ಗಾಳದ ಸಾಹೇಬರಿಗೆ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಕೊಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿಯೂ ತಟ್ಟಿದಳು. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಊಟ, ಮಾತು, ಬಸ್ಸು, ಎಲ್ಲ ಮೊದಲಿನಂತೆಯೇ ನಡೆಯಿತು. ಗಂಡಾಂತರ ಕಳೆಯಿತು ಎಂದು ಸಾಹೇಬರು ಉಸಿರು ಬಿಟ್ಟರು.

ಪ್ರಶಸ್ತಿಪತ್ರ ಬಂದ ಮರುದಿನ ಬೆಳಗ್ಗೆ ಇಬ್ಬರೂ ಕೆಲಸಕ್ಕೆ ಹೊರಟರು. ಆಕೆ ಮಹಡಿ ಮನೆಯ ಮೆಟ್ಟಿಲನ್ನು ಮೊದಲು ಇಳಿದಳು, ಸಾಹೇಬರು ಹಿಂದಿನಿಂದ ಬಂದು ಬೀದಿಯಲ್ಲಿ ಸೇರಿಕೊಂಡರು. ಬೀಗ ಹಾಕಿದಿರಾ ಎಂದು ಆಕೆ ಕೇಳಿದಳು. ಹಾಕಿದೆ ಎಂದರು. ನಿಜವಾಗಿಯೂ ಹಾಕಿದ್ದರು.

ಆಕೆ ಊಟದ ಚೀಲವನ್ನು ಗಂಡನ ಕೈಗೆ ಕೊಟ್ಟು, ಮತ್ತೆ ಮೆಟ್ಟಿಲು ಹತ್ತಿ ಹೋದಳು. ಮೇಲೆ ಆಕೆ ಬೀಗ ಜಗ್ಗಿ ನೋಡುವ ಸದ್ದು ಕೆಳಗೆ ನಿಂತಿದ್ದ ಸಾಹೇಬರಿಗೆ ಸ್ಪಷ್ಟವಾಗಿ ಕೇಳಿಸಿತು.