ಸೀಗಲ್ ಮುಟ್ಟಿದ ಎಡೆ

ಟಿಣ್, ಟಿಣ್, ಟಿಣ್. ಗಾಳಿಗೆ ಹಾಯಿಯ ಹಗ್ಗ ಲೋಹದ ಕಂಬಕ್ಕೆ ಬಡಿಯುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾಲ್ಕು ವರ್ಷದ ಹಿಂದಿನ ಈಸ್ಟರ್ ರಜೆ. ಈ ಪರದೇಶದ ಹೆಂಡರ್ಸನ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಡೆರೆಕ್, ನನ್ನನ್ನೂ ನಮ್ಮ ಯಜಮಾನರನ್ನೂ ತಮ್ಮ ಪುಟ್ಟ ಹಾಯಿಬೋಟಿನಲ್ಲಿ ಕವಾವು ದ್ವೀಪಕ್ಕೆ ಕರೆದುಕೊಂಡು ಹೋಗಿದ್ದರು. ನಾವು ಆ ಬೀದಿಗೆ ಬರುವ ಮೊದಲೇ ಅವರ ಹೆಂಡತಿ ಜೋನ್ ತೀರಿಕೊಂಡಿದ್ದರು. ಆಮೇಲೆ ಅವರು ಬೋಟು ಇಳಿಸಿದ್ದು ಅದೇ ಮೊದಲಂತೆ. ಜೋನ್ ಮಾತನ್ನು ಅವರು ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಶನಿವಾರ ಸಂಜೆಗೆ ವಾಪಸ್ ಎಂದು ಪ್ಲಾನ್. ಭಾನುವಾರ ನಮ್ಮ ಅತ್ತೆಯವರ ತಿಥಿ. ನಲವತ್ತು ವರ್ಷದಲ್ಲಿ ಇವರು ಒಂದು ಸಲವೂ ತಪ್ಪಿಸಿದವರಲ್ಲ. ಪಾಪಟೋಟೊಯಿ ಬಡಾವಣೆಯ ಪುರೋಹಿತರಿಗೆ ಹೇಳಿಯೂ ಆಗಿತ್ತು. ಆದರೆ ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ ಗೇಲ್ ವಾರ್ನಿಂಗ್, ಬಿರುಗಾಳಿಯ ಎಚ್ಚರಿಕೆ, ಬಂತು. ದ್ವೀಪದ ಹಾರ್ಬರ್‌ನಲ್ಲಿ ಏಳೆಂಟು ಬೋಟುಗಳ ನಡುವೆ ಲಂಗರು ಹಾಕಿ ಕೂತೆವು. ಭಾನುವಾರ ಬೆಳಗಾದರೂ ಗಾಳಿ ಮಳೆ ನಿಲ್ಲಲಿಲ್ಲ.

“ನಿಧಾನಕ್ಕೆ ಹೋಗೋಣ, ಏನೂ ಆಗಲ್ಲ” ಎಂದು ಇವರು ಹಟ ಹಿಡಿದರು.

“ಆಗಲ್ಲ ಮೇಟ್. ನಿಮ್ಮನ್ನ ಮುಳುಗಿಸಿ ನಿಮ್ಮ ಮಗಳಿಗೆ ಏನಂತ ಹೇಳ್ಲಿ?” ಎಂದರು ಡೆರೆಕ್.

ಇವರು ಮುಖ ತಿರುಗಿಸಿ ಕೂತರು. ಕಾಫಿಯನ್ನೂ ಮುಟ್ಟಲಿಲ್ಲ. ನಾನೇ ಡೆರೆಕ್‌ಗೆ ಎಕ್ಸ್‌ಪ್ಲೇನ್ ಮಾಡಿದೆ. ತಾಯಿಯ ದಿನ ಅನ್ನದ ಉಂಡೆ ಇಟ್ಟು, ಕಾಗೆ ಮುಟ್ಟಿದ ಮೇಲೆಯೇ ಮಗ ಊಟ ಮಾಡಬೇಕು. ಈ ದೇಶದಲ್ಲಿ ಕಾಗೆ ಎಲ್ಲಿ? ಹಿತ್ತಲಿನ ಮೈನಾಗಳೇ ನಮಗೆ ಗತಿ.

“ಅಕ್ಕಿ ಇದೆಯಲ್ಲ, ಇಲ್ಲೇ ಮಾಡಿ” ಎಂದರು ಡೆರೆಕ್.

“ಮಾಂಸ ಬೇಯಿಸದ ಪಾತ್ರೆ ಬೇಕು” ಎಂದೆ.

ಡೆರೆಕ್ ಮಂಚದ ಕೆಳಗಿನಿಂದ ಪೇಪರ್ ಸುತ್ತಿಟ್ಟ ಪಾತ್ರೆಯೊಂದನ್ನು ತೆಗೆದರು. “ಈ ದ್ವೀಪದಲ್ಲಿ ಬ್ಲ್ಯಾಕ್‌ಬೆರಿ ಕಿತ್ತು ಜೋನ್ ಇದರಲ್ಲಿ ಜಾಮ್ ಮಾಡ್ತಿದ್ಲು. ಬೇರೆ ಏನೂ ಬೇಯಿಸಿಲ್ಲ.”

ಎಳ್ಳು? ಅದಕ್ಕೂ ಅವರೇ ಬರ್ಗರ್ ಬನ್ನುಗಳ ಮೇಲಿದ್ದ ಎಳ್ಳನ್ನು ಚಾಕುವಿನಿಂದ ಕೆರೆದು ಕೊಟ್ಟರು.

“ಇದು ಬಿಳಿ ಎಳ್ಳು ಕಣೇ. ಕರಿ ಎಳ್ಳು ಆಗ್ಬೇಕು” ಎಂದರು ಇವರು.

“ಹಾಗಾದ್ರೆ ಈಜ್ಕೊಂಡು ಹೋಗಿ ತನ್ನಿ.”

“ಕಾನ್ವೆಂಟಲ್ಲಿ ಓದಿದೋಳಿಗೆ ಏನು ಗೊತ್ತು!” ಎಂದು ಗೊಣಗುತ್ತಲೇ ತಣ್ಣೀರು ಸುರಿದುಕೊಂಡು, ಟವೆಲನ್ನೇ ಪಂಚೆ ಮಾಡಿಕೊಂಡು ಉಂಡೆ ಕಟ್ಟಿದರು.

ಕ್ಯಾಬಿನ್ ಚಾವಣಿಯ ಮೇಲೆ ಎಡೆ ಇಟ್ಟೆವು. ಕಡಲಹಕ್ಕಿ ಸೀಗಲ್‌ಗಳೆಲ್ಲ ಗಾಳಿಗೆ ಮುಖ ಕೊಟ್ಟು ನೀರಿನ ಮೇಲೇ ಕೂತಿದ್ದವು, ಒಂದೂ ಏಳಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಇವರಿಗೆ ಮೊದಲೇ ಶುಗರ್, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. “ಅಮ್ಮನಿಗೆ ಕೋಪ ಬಂದಿದೆ” ಎಂದರು, ಚಿಕ್ಕ ಮಗುವಿನ ಹಾಗೆ.

ನನಗೆ ಇದರಲ್ಲೆಲ್ಲ ಅಷ್ಟು ಫೇತ್ ಇಲ್ಲ. ಆದರೆ ಆ ಮುಖ ನೋಡಲಾಗಲಿಲ್ಲ. ಕಾಗೆ ಬರದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಕೊರತೆ ಇದೆ ಎಂದು ಅರ್ಥ, ಆಗ ಅವರಿಗೆ ಮಾತು ಕೊಡಬೇಕು ಎಂದು ಡೆರೆಕ್‌ಗೆ ಹೇಳಿದೆ. ತಾವೂ ಏನೂ ತಿನ್ನದೆ ಕೂತಿದ್ದ ಅವರು ಎದ್ದು, ಟೋಪಿ ತೆಗೆದು, ಗಾಳಿಗೆದುರಾಗಿ ಕೂಗಿದರು: “ಸಾರಿ ಲವ್! ತಪ್ಪು ನನ್ನದು. ನಿಮ್ಮ ಹುಡುಗ ಮನೆಗೆ ಹೋಗ್ಬೇಕು ಅಂದ, ನಾನೇ ಬಿಡ್ಲಿಲ್ಲ. ಸೇಫಾಗಿ ಮನೆ ಮುಟ್ಟಿಸ್ತೀನಿ, ಪ್ರಾಮಿಸ್!”

ಆ ಹುಡುಗನಿಗೆ ಆಗ ಎಪ್ಪತ್ತಾರು.

ಎಷ್ಟು ಹೊತ್ತಿಗೋ ಕೆಂಪು ಕೊಕ್ಕಿನ ಸೀಗಲ್ ಒಂದು ಬಂದಿಳಿಯಿತು. ಮುಟ್ಟುವುದೇನು, ಉಂಡೆಯನ್ನು ಪೂರ್ತಿ ನುಂಗಿಬಿಟ್ಟಿತು. ಇವರು ಜೋರಾಗಿ ನಕ್ಕರು. ಅತ್ತರೋ ಏನೋ, ಮುಖದ ತುಂಬ ಮಳೆನೀರಿತ್ತು. ಮೂವರೂ ಆ ಜಾಮ್ ಪಾತ್ರೆಯಲ್ಲೇ ಮೊಸರನ್ನ ಕಲಸಿ ತಿಂದೆವು. “ಜೋನ್‌ಗೆ ನೀವಿಬ್ಬರೂ ತುಂಬ ಇಷ್ಟ ಆಗ್ತಿದ್ರಿ” ಎಂದರು ಡೆರೆಕ್. ಆಮೇಲೆ ಸಂಜೆಯವರೆಗೂ ಜೋನ್ ಮಾತೇ. ಮಂಗಳವಾರ ಗಾಳಿ ಇಳಿದ ಮೇಲೆ ಕೊಟ್ಟ ಮಾತಿನಂತೆ ಮನೆ ಮುಟ್ಟಿಸಿದರು.

ಎರಡು ವರ್ಷದ ಹಿಂದೆ ಇವರೂ ಹೋದರು. ಕಳೆದ ವರ್ಷ ಡೆರೆಕ್ ಬೋಟು ಮಾರಿ, ಮಗನಿರುವ ಸೌತ್ ಐಲ್ಯಾಂಡಿಗೆ ಹೊರಟರು. ಆ ಬೆಳಿಗ್ಗೆ ಗುಡ್‌ಬೈ ಹೇಳೋಣವೆಂದು ಹೊರಗೆ ಬಂದೆ. ನಡುವಿನ ಬೇಲಿಯ ಕಂಬದ ಮೇಲೆ ಜಾಮ್ ಸವರಿದ ಒಂದು ಚೂರು ಟೋಸ್ಟ್ ಇತ್ತು. ಡೆರೆಕ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

“ಜೋನ್ ದಿನ ಇವತ್ತು. ಇಲ್ಲೇ ಆಗಲಿ ಅಂತ ಹೊರಡೋದನ್ನ ಮುಂದಕ್ಕೆ ಹಾಕಿದ್ದೆ. ಇನ್ನೂ ಬ್ರೇಕ್‌ಫಾಸ್ಟ್ ಮಾಡಿಲ್ಲ” ಎಂದರು.

ನಾನು ಬೇಲಿಯ ಈಚೆ ನಿಂತೆ. ಮೈನಾ ಬರುವವರೆಗೂ ಇಬ್ಬರೂ ಕಾದೆವು. ನಾನು ಡೆರೆಕ್ ಅವರನ್ನು ಕಡೆಯ ಸಲ ನೋಡಿದ್ದು ಅವತ್ತೇ.