ಡೈವರ್ಷನ್ ಕಲ್ಲಪ್ಪ ಮುಚ್ಚಿದ ದಾರಿ

ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಗ್ಯಾಂಗ್ ಮೇಸ್ತ್ರಿಯಾಗಿದ್ದ ಕಲ್ಲಪ್ಪನಿಗೆ ಒಂದು ಹಟವಿತ್ತು. ಗುಂಡಿ ಮುಚ್ಚಲಿ, ಡಾಂಬರು ಹಾಕಲಿ, ಪಕ್ಕದಲ್ಲಿ ಬದಲಿ ದಾರಿ ಬಿಡದೆ ರಸ್ತೆ ಬಂದ್ ಮಾಡುತ್ತಿರಲಿಲ್ಲ. ಎಂಜಿನಿಯರು ಎಗರಾಡಿದರೆ, "ಸಾರ್, ಬಸುರಿ ಹೆಂಗಸು ಬಂದ್ರೆ ಹಾರ್ಕೊಂಡು ಹೋಗ್ತಾಳಾ?" ಎಂದು ಕೆಂಪು ಬಾವುಟ ಹಿಡಿದು ಅಡ್ಡ ನಿಲ್ಲುತ್ತಿದ್ದ. ಗ್ಯಾಂಗಿನವರು ಅವನನ್ನು ಡೈವರ್ಷನ್ ಕಲ್ಲಪ್ಪ ಎಂದು ಆಡಿಕೊಳ್ಳುತ್ತಿದ್ದರು. ಪುಣ್ಯಾತ್ಮನಿಗೆ ಅದು ಬಿರುದು ಕೊಟ್ಟಷ್ಟು ಹಿಗ್ಗು.

ಅಂಥವನು ಎಡವಿದ್ದು ಮಾಚೇನಹಳ್ಳಿ ಹತ್ತಿರ, ರಸ್ತೆಯಡಿ ಹಾಯುವ ಆಳೆತ್ತರದ ಕಲ್ಲು ಮೋರಿಯಲ್ಲಿ. 2003ರ ಮಳೆಗಾಲಕ್ಕೆ ಮುಂಚೆ ಅದರ ಹೂಳು ತೆಗೆಸುತ್ತಿದ್ದ. ಸಂಜೆ ಕೆಲಸ ಬಿಡುವ ಹೊತ್ತಿಗೆ ಸಣ್ಣ ಬಾವಲಿಗಳು ಹೂಳು ಹೊರುವ ಹೆಂಗಸರ ಕಿವಿ ಸವರಿಕೊಂಡೇ ಹಾರಿದವು. ಅವರಲ್ಲಿ ಸರಸ್ವತಿ ಎಂಬವಳು ಬುಟ್ಟಿ ಬಿಸಾಕಿದಳು.

"ಅಪಶಕುನ ಮೇಸ್ತ್ರಿ. ನಾಳೆಯಿಂದ ನಾನಂತೂ ಒಳಗೆ ಬರಲ್ಲ."

"ಮನೆ ಮಾಡ್ಕೊಂಡಿವೆ, ಅಷ್ಟೇ. ಬಾಗಿಲು ಹಾಕಿದ್ರೆ ಬೇರೆ ಮನೆ ನೋಡ್ಕೋತವೆ" ಎಂದ ಕಲ್ಲಪ್ಪ.

ಭದ್ರಾವತಿಯ ಗುಜರಿಯಿಂದ ಕಬ್ಬಿಣದ ಜಾಲರಿ ತಂದು ಮೋರಿಯ ಎರಡೂ ಬಾಯಿಗೆ ಬಿಗಿದ. ಹಗಲು ಒಂದು ಕಡೆಯದನ್ನು ಬಿಚ್ಚಿ ಹೂಳು ತೆಗೆಸಿ, ಕೆಲಸ ಮುಗಿದ ಮೇಲೂ ಕಸ ತಡೆಯುತ್ತದೆ ಎಂದು ಹಾಗೇ ಬಿಟ್ಟ.

ಜಾಲರಿ ಬಿಗಿದ ಮರುದಿನದಿಂದ ಮೋರಿಯ ಮೇಲಿನ ಡಾಂಬರಿನಲ್ಲಿ ಬಾವಲಿಗಳು ಸತ್ತು ಬೀಳತೊಡಗಿದವು. ಲಾರಿಯವರ ಜೋರು ಜಾಸ್ತಿಯಾಯಿತು ಎಂದು ಬೈದುಕೊಂಡು ಅವನೇ ಗುಡಿಸಿ ಚರಂಡಿಗೆ ತಳ್ಳುತ್ತಿದ್ದ.

ಒಂದು ದಿನ ನವುಲೆಯ ಕೃಷಿ ಕಾಲೇಜಿನ ಸುಷ್ಮಾ ಎಂಬ ಹುಡುಗಿ ಗದ್ದೆಯ ಹುಳ ನೋಡಲು ಬಂದವಳು ಅವನ ಪೊರಕೆಯ ಮುಂದೆ ಕೂತು ಸತ್ತ ಬಾವಲಿಯೊಂದನ್ನು ದಿಟ್ಟಿಸಿದಳು. ಆಮೇಲೆ ಕೆಳಗಿಳಿದು ಜಾಲರಿ ನೋಡಿ ಬಂದಳು.

"ಇವು ಮೋರಿಲಿ ಇರೋದಲ್ಲ ಅಣ್ಣ. ರಸ್ತೆ ಈಚೆ ಕಾಣ್ತದಲ್ಲ, ಆ ಹಳೇ ಗೋಡೌನಲ್ಲಿ ಇರ್ತವೆ. ಸಂಜೆ ಮೋರಿ ಒಳಗಿಂದ ತೂರಿ ಆಚೆ ಗದ್ದೆಗೆ ಹುಳ ತಿನ್ನಕ್ಕೆ ಹೋಗ್ತವೆ. ತಗ್ಗಲ್ಲಿ ಹಾರೋ ಜಾತಿ, ಮೇಲೆ ಬಂದ್ರೆ ಲಾರಿ ಮುಖಕ್ಕೇ ಸಿಗ್ತವೆ. ಇದು ಅವುಗಳ ಮನೆಯಲ್ಲ, ರಸ್ತೆ. ಜಾಲರಿ ಯಾರು ಹಾಕಿದ್ದು?"

"ಮೇಲಿನೋರು" ಎಂದುಬಿಟ್ಟ ಕಲ್ಲಪ್ಪ. ಗ್ಯಾಂಗಿನವರು ಯಾವ ತಪ್ಪಿಗೂ ಹೇಳುವ ಮಾತು ಅದು. ಅವನ ಬಾಯಲ್ಲಿ ಅದೇ ಮೊದಲು ಬಂದದ್ದು.

ಮನೆಯಲ್ಲಿ ಮುದ್ದೆ ಮುರಿದವನು ತುತ್ತು ಎತ್ತಲಿಲ್ಲ. ಹೆಂಡತಿ ಉಚ್ಚಂಗಮ್ಮ ಕೆದಕಿ ಕೇಳಿದ ಮೇಲೆ ಹೇಳಿದ.

"ಬದಲಿ ದಾರಿ ಬಿಡದೆ ಒಂದು ರಸ್ತೆ ಬಂದ್ ಮಾಡ್ದೆ ಕಣೇ. ಸುಳ್ಳೂ ಹೇಳ್ದೆ."

"ಹೋಗಿ ಬಿಚ್ಚಿ ಬನ್ನಿ, ಅದಕ್ಯಾಕೆ ಇಷ್ಟು?"

"ಬಿಚ್ತೀನಿ. ಗುಡಿಸಿ ಹಾಕಿದ್ನಲ್ಲ, ಅವಕ್ಕೇನು ಮಾಡ್ಲಿ?"

ಉಚ್ಚಂಗಮ್ಮ ಮುದ್ದೆಯ ತಟ್ಟೆಯನ್ನು ಅವನ ಕಡೆ ಸರಿಸಿದಳು.

ಬೆಳಿಗ್ಗೆ ಎರಡೂ ಜಾಲರಿ ಕತ್ತರಿಸಿ ತೆಗೆದ. ಬಾವಲಿಗಳಿಗೆ ಹಳೇ ದಾರಿ ನೆನಪಿದೆಯೋ ಇಲ್ಲವೋ ಎಂಬ ಭಯಕ್ಕೆ ಸಂಜೆ ಕೆಂಪು ಬಾವುಟ ಹಿಡಿದು ರಸ್ತೆ ಮಧ್ಯೆ ನಿಂತ. ಯಾವ ಕಾಮಗಾರಿಯೂ ಕಾಣದೆ ಡ್ರೈವರುಗಳು ಬೈದರು. ಬೈಸಿಕೊಂಡ. ಹಾಗೆ ಎಂಟು ಸಂಜೆ ನಿಂತ. ಒಂಬತ್ತನೆಯ ಸಂಜೆ ಸುಷ್ಮಾ ಕೆಳಗಿನಿಂದ ಕೂಗಿ ಕರೆದಳು. ಬಾವಲಿಗಳು ಒಂದರ ಹಿಂದೊಂದು ಮೋರಿಯೊಳಗೆ ತೂರಿ ಗದ್ದೆಯ ಕಡೆ ಹೋಗುತ್ತಿದ್ದವು.

"ಅಂತೂ ಮೇಲಿನೋರು ಜಾಲರಿ ತೆಗೆಸಿದ್ರಾ?" ಎಂದಳು.

"ತೆಗೆದಿದ್ದು ನಾನು" ಎಂದ ಕಲ್ಲಪ್ಪ. ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಹಾಕಿದ್ದೂ ನಾನೇ ಕಣಮ್ಮ" ಎಂದ.

ಅವನು ಆಮೇಲೂ ನಾಲ್ಕು ವರ್ಷ ಕೆಲಸ ಮಾಡಿದ. ಡೈವರ್ಷನ್ ಕಲ್ಲಪ್ಪ ಎಂದು ಯಾರು ಕರೆದರೂ ತಿರುಗಿ ನೋಡಲಿಲ್ಲ.